ಮೊದಲ ಸಲ ನುಂಗಿದವರ ಪಕ್ಕ ಕೂರುವವರಿಗೆ

ಮಾನ್ಯ ಸಂಪಾದಕರೇ,

ಮಾದಕ ವಸ್ತು ವಶಪಡಿಸಿಕೊಂಡ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಎಷ್ಟು ಗ್ರಾಂ, ಬೆಲೆ ಎಷ್ಟು, ಎಷ್ಟು ಮಂದಿ ಬಂಧನ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಅಂಥ ವಸ್ತುಗಳಲ್ಲೊಂದಾದ, ಇಲ್ಲದ್ದನ್ನು ಕಾಣಿಸುವ ಎಲ್‌ಎಸ್‌ಡಿಯನ್ನು ಜೀವಮಾನದಲ್ಲಿ ಮೊದಲ ಸಲ ನಾಲಿಗೆಯ ಕೆಳಗಿಟ್ಟುಕೊಂಡ ಹುಡುಗನೊಬ್ಬ ರಾತ್ರಿ ಹನ್ನೊಂದು ಗಂಟೆಗೆ ಬಾಡಿಗೆ ರೂಮಿನಲ್ಲಿ ‘ನಾನು ಸಾಯ್ತಿದೀನಿ ಕಣೋ’ ಎಂದು ಕೂಗತೊಡಗಿದರೆ, ಪಕ್ಕದ ಚಾಪೆಯ ಮೇಲಿರುವ ಗೆಳೆಯ ಏನು ಮಾಡಬೇಕು ಎಂಬುದು ಮಾತ್ರ ಎಲ್ಲೂ ಅಚ್ಚಾಗುವುದಿಲ್ಲ. ದಾವಣಗೆರೆ ಕಾಲೇಜುಗಳ ಊರು. ಇಂಜಿನಿಯರಿಂಗ್, ಮೆಡಿಕಲ್, ಡಿಪ್ಲೊಮಾ ಎಂದು ಹೊರ ಜಿಲ್ಲೆಯಿಂದ ಬಂದ ಮಕ್ಕಳು ಇಲ್ಲಿ ರೂಮು ಮಾಡಿಕೊಂಡಿದ್ದಾರೆ. ಅವರ ಹೆತ್ತವರು ದೂರ, ವಾರ್ಡನ್ ಕೆಳಗಿನ ಮಹಡಿಯಲ್ಲಿ. ಆ ಹೊತ್ತಿಗೆ ಸಿಗುವುದು ಗೆಳೆಯನೊಬ್ಬನೇ. ಅವನು ಕೆನ್ನೆಗೆ ಬಾರಿಸುತ್ತಾನೆ, ತಲೆಗೆ ತಣ್ಣೀರು ಸುರಿಯುತ್ತಾನೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡುತ್ತಾನೆ, ಯಾವುದಕ್ಕೂ ಬಗ್ಗದಿದ್ದರೆ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಾನೆ. ಈ ನಾಲ್ಕೂ ತಪ್ಪು. ತೆಗೆದುಕೊಳ್ಳಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ತೆಗೆದುಕೊಂಡಾಗಿದ್ದರೆ ಮುಂದಿನ ಎಂಟು ಹತ್ತು ಗಂಟೆಯನ್ನು ಹೇಗೆ ದಾಟಿಸಬೇಕು ಎಂದು ತಿಳಿಸುವುದಷ್ಟೇ ಈ ಪತ್ರದ ಕೆಲಸ.

ಈ ವಸ್ತುವಿನ ಚರಿತ್ರೆಯ ಮೊಟ್ಟಮೊದಲ ಅನುಭವವೇ ಇದಕ್ಕೆ ಒಳ್ಳೆಯ ಪಾಠ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದರು. 1943ರ ಏಪ್ರಿಲ್ 19ರಂದು ತಾವೇ 250 ಮೈಕ್ರೋಗ್ರಾಂ ನುಂಗಿದರು. ಅಂದರೆ ಒಂದು ಗ್ರಾಂ ಪುಡಿಯನ್ನು ನಾಲ್ಕು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಷ್ಟರಿಂದ ಏನೂ ಆಗಲಿಕ್ಕಿಲ್ಲ ಎಂಬ ಎಚ್ಚರಿಕೆಯ ಲೆಕ್ಕ ಅವರದು. ಸ್ವಲ್ಪ ಹೊತ್ತಿಗೆ ಮಾತು ತೊದಲಿತು, ಸಹಾಯಕಿಯ ಜೊತೆಯಲ್ಲಿ ಸೈಕಲ್ ತುಳಿದು ಮನೆ ಸೇರಿದರು. ಹಾಲು ತಂದುಕೊಟ್ಟ ಪಕ್ಕದ ಮನೆಯಾಕೆ ಅವರ ಕಣ್ಣಿಗೆ ಮಾಟಗಾತಿಯಂತೆ ಕಂಡಳು. ತನಗೆ ಹುಚ್ಚು ಹಿಡಿಯಿತು, ಸಾವು ಬಂತು ಎಂದು ಖಚಿತವಾಗಿ ನಂಬಿದರು. ವೈದ್ಯರು ಬಂದು ನಾಡಿ, ರಕ್ತದೊತ್ತಡ, ಉಸಿರಾಟ ನೋಡಿದರೆ ಎಲ್ಲವೂ ಸರಿಯಾಗಿತ್ತು, ಕಣ್ಣಿನ ಪಾಪೆ ಮಾತ್ರ ಹಿಗ್ಗಿತ್ತು. ಅವರು ಮದ್ದು ಕೊಡಲಿಲ್ಲ. ಮಲಗಿಸಿ ನೋಡಿಕೊಂಡರು. ಭಯ ತಾನಾಗಿ ಇಳಿಯಿತು. ಕಲಿಯಬೇಕಾದ್ದೆಲ್ಲ ಈ ಒಂದು ಸಂಜೆಯಲ್ಲಿದೆ: ಕಣ್ಣಿಗೆ ಕಾಣದಷ್ಟು ಕಡಿಮೆ ವಸ್ತು, ಸಾವೇ ಬಂತೆನ್ನಿಸುವ ಭಯ, ಪಕ್ಕದಲ್ಲಿ ಗಾಬರಿಯಾಗದ ಒಬ್ಬರು.

ಹಾಫ್‌ಮನ್ ಅವರಿಗೆ ತಾವು ನುಂಗಿದ್ದು ಏನು, ಎಷ್ಟು ಎಂದು ಗೊತ್ತಿತ್ತು. ಹುಡುಗರು ‘ಸ್ಟ್ಯಾಂಪ್’ ಎನ್ನುವ ಕಿರುಬೆರಳಿನ ಉಗುರಿಗಿಂತ ಚಿಕ್ಕ ಕಾಗದದ ಚೂರಿನಲ್ಲಿ ಈ ಎರಡೂ ಗೊತ್ತಿರುವುದಿಲ್ಲ. ದ್ರಾವಣದಲ್ಲಿ ಅದ್ದಿ ಒಣಗಿಸಿದ ಹಾಳೆಯಲ್ಲಿ ಒಂದು ಮೂಲೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಇಳಿದಿರಬಹುದು. ಮೇಲೆ ಅಚ್ಚಾದ ಚಿತ್ರಕ್ಕೂ ಒಳಗಿನ ವಸ್ತುವಿಗೂ ಸಂಬಂಧವಿಲ್ಲ. ಎಲ್‌ಎಸ್‌ಡಿ ಎಂದು ಮಾರುವ ಕಾಗದದಲ್ಲಿ ಎನ್‌ಬೋಮ್ ಎಂಬ ಬೇರೆಯೇ ಗುಂಪಿನ ರಾಸಾಯನಿಕ ಇರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಅದು ರಕ್ತನಾಳ ಬಿಗಿಯುತ್ತದೆ, ಮೈ ಕಾಯಿಸುತ್ತದೆ, ಫಿಟ್ಸ್ ತರುತ್ತದೆ, ಅದರಿಂದ ಸತ್ತವರಿದ್ದಾರೆ. ಎಲ್‌ಎಸ್‌ಡಿಗೆ ರುಚಿ ಇಲ್ಲವೆಂದೇ ಹೇಳಬೇಕು. ಕಾಗದ ಕಹಿಯಾಗಿದ್ದು ನಾಲಿಗೆ ಜೋಮು ಹಿಡಿದರೆ ಕೂಡಲೇ ಉಗಿದು ಬಾಯಿ ಮುಕ್ಕಳಿಸಬೇಕು. ಕಹಿ ಇಲ್ಲದಿದ್ದರೆ ಅಪಾಯವಿಲ್ಲ ಎಂದು ಮಾತ್ರ ತಿಳಿಯಬಾರದು.

ಮೊದಲ ಸಲದವರು ಮಾಡುವ ದೊಡ್ಡ ತಪ್ಪು ಗಡಿಯಾರದ್ದು. ಇದು ಸಾರಾಯಿಯಂತೆ ಗಂಟಲಿಳಿದ ಕೂಡಲೇ ಗೊತ್ತಾಗುವುದಿಲ್ಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ ಏನೂ ಅನ್ನಿಸದೆ ಇರಬಹುದು. ‘ನಕಲಿ ಮಾಲು ಕೊಟ್ಟ’ ಎಂದು ಬೈದುಕೊಂಡು ಇನ್ನೊಂದು ಚೂರು ಇಡುವುದು, ಇಲ್ಲವೇ ಮೇಲೆ ಗಾಂಜಾ ಸೇದುವುದು ಈ ಹೊತ್ತಿನಲ್ಲೇ. ಆಮೇಲೆ ಎಲ್ಲವೂ ಒಟ್ಟಿಗೇ ಏರುತ್ತವೆ. ಎಲ್‌ಎಸ್‌ಡಿ ಎರಡರಿಂದ ನಾಲ್ಕನೇ ಗಂಟೆಯಲ್ಲಿ ತುದಿ ಮುಟ್ಟಿ, ಪೂರ್ತಿ ಇಳಿಯಲು 8ರಿಂದ 12 ಗಂಟೆ ತೆಗೆದುಕೊಳ್ಳುತ್ತದೆ. ಸಿಲೋಸೈಬಿನ್ ಎಂಬ ನಶೆಯ ರಾಸಾಯನಿಕ ಇರುವ ಅಣಬೆಯಾದರೆ 4ರಿಂದ 6 ಗಂಟೆ. ಹಾಗಾಗಿ ಜೊತೆಯಲ್ಲಿರುವವರು ಮೊದಲು ಮಾಡಬೇಕಾದ್ದು ನುಂಗಿದ ಸಮಯವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು. ಆಮೇಲೆ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಯೂ ಅದೇ.

ಇನ್ನು ರೂಮು. ಟ್ಯೂಬ್‌ಲೈಟ್ ಆರಿಸಿ, ಜೀರೋ ಬಲ್ಬ್ ಇದ್ದರೆ ಅದನ್ನು ಹಾಕಿ. ಪೂರ್ತಿ ಕತ್ತಲೆ ಬೇಡ, ಕತ್ತಲಲ್ಲಿ ಕಾಣುವುದು ಹೆಚ್ಚುತ್ತದೆ. ಫ್ಯಾನ್ ರೆಕ್ಕೆಯ ನೆರಳು ಗೋಡೆಯ ಮೇಲೆ ಓಡುವಂತಿದ್ದರೆ ದೀಪದ ಜಾಗ ಬದಲಿಸಿ, ಫ್ಯಾನ್ ನಿಲ್ಲಿಸಬೇಡಿ, ನಮ್ಮ ಊರಿನ ಬೇಸಿಗೆಯಲ್ಲಿ ಮೈ ಕಾಯುವುದೇ ದೊಡ್ಡ ಅಪಾಯ. ಕನ್ನಡಿಗೆ ಟವೆಲ್ ಹೊದಿಸಿ, ಕನ್ನಡಿಯಲ್ಲಿ ತನ್ನ ಮುಖವೇ ಕರಗಿದಂತೆ ಕಂಡು ಬೆಚ್ಚುವವರು ಬಹಳ. ಟಿವಿ, ರೀಲ್ಸ್, ಜೋರು ಹಾಡು ನಿಲ್ಲಿಸಿ. ತಾರಸಿ ಬಾಗಿಲಿಗೆ ಬೀಗ ಹಾಕಿ, ಬೈಕಿನ ಕೀಲಿ ಎತ್ತಿಡಿ, ಚಾಕು ಮತ್ತು ಗ್ಯಾಸ್ ಒಲೆ ಇರುವ ಕಡೆ ಒಂಟಿಯಾಗಿ ಬಿಡಬೇಡಿ. ರೂಮಿನಲ್ಲಿ ಐದು ಜನ ಇದ್ದರೆ ನಾಲ್ವರು ಎದ್ದು ಹೋಗಬೇಕು. ಉಳಿಯುವವರು ಏನೂ ತೆಗೆದುಕೊಂಡಿರಬಾರದು, ಅವರ ಜೊತೆ ಮೊದಲಿನಿಂದ ಸಲಿಗೆ ಇರಬೇಕು. ಒಬ್ಬರೇ ಬೆಳಗಿನವರೆಗೆ ಕೂರಲಾಗದಿದ್ದರೆ ಪಕ್ಕದ ರೂಮಿನ ಇನ್ನೊಬ್ಬರನ್ನು ಮೊದಲೇ ಪರಿಚಯಿಸಿ, ಸದ್ದಿಲ್ಲದೆ ಪಾಳಿ ಬದಲಿಸಿ.

ಮೇಲೆ ನಿಂತು ಮಾತಾಡಬೇಡಿ. ಅವನು ಚಾಪೆಯ ಮೇಲಿದ್ದರೆ ನೀವೂ ಚಾಪೆಯ ಮೇಲೆ, ಎರಡು ಮೊಳ ದೂರದಲ್ಲಿ, ಬಾಗಿಲಿಗೆ ಅವನ ದಾರಿ ಅಡ್ಡಗಟ್ಟದಂತೆ ಕೂತುಕೊಳ್ಳಿ. ಕೈ ಹಿಡಿಯುವ ಮುಂಚೆ ಹಿಡಿಯಲಾ ಎಂದು ಕೇಳಿ. ಮಾತು ಗಿಡ್ಡದಾಗಿರಲಿ, ಮನೆಯ ಮಾತಿನಲ್ಲಿರಲಿ: ‘ನೀನು ತಗೊಂಡಿದ್ದರ ಆಟ ಇದು. ಹೊತ್ತು ಹೋದಂಗೆ ಇಳೀತೈತೆ. ನಾ ಎಲ್ಲೂ ಹೋಗಲ್ಲ, ಇಲ್ಲೇ ಕುಂತಿರ್ತೀನಿ.’ ಇದನ್ನೇ ಹತ್ತು ಸಲ ಹೇಳಬೇಕಾಗಬಹುದು, ಹತ್ತನೇ ಸಲವೂ ಅದೇ ದನಿಯಲ್ಲಿ ಹೇಳಿ. ‘ಏನು ಕಾಣ್ತಿದೆ, ಏನು ಕಾಣ್ತಿದೆ’ ಎಂದು ಕೆದಕಬೇಡಿ. ಗೋಡೆ ಉಸಿರಾಡುತ್ತಿದೆ ಎಂದರೆ ‘ಇಲ್ಲ, ನಿನಗೆ ತಲೆ ಕೆಟ್ಟಿದೆ’ ಎಂದು ವಾದಕ್ಕೆ ಇಳಿಯಬೇಡಿ, ‘ಹೌದು, ಗೋಡೆ ಉಸಿರಾಡುತ್ತಿದೆ’ ಎಂದು ತಾಳ ಹಾಕಲೂ ಬೇಡಿ. ‘ನಿನಗೆ ಹಂಗೆ ಕಾಣ್ತೈತೆ, ಆಮೇಲೆ ಹೋಗ್ತೈತೆ’ ಎಂದರೆ ಸಾಕು. ಗಡಿಯಾರ ತೋರಿಸುವುದರಿಂದ ಉಪಯೋಗವಿಲ್ಲ. ಅವನಿಗೆ ಐದು ನಿಮಿಷ ಒಂದು ಗಂಟೆಯಂತೆ ಎಳೆಯುತ್ತಿರುತ್ತದೆ, ಮುಳ್ಳು ಸರಿಯದ್ದನ್ನು ಕಂಡು ಇದು ಮುಗಿಯುವುದೇ ಇಲ್ಲ ಎಂದು ಇನ್ನಷ್ಟು ಹೆದರುತ್ತಾನೆ. ಬರುತ್ತಿರುವುದರ ಜೊತೆ ಗುದ್ದಾಡಿದಷ್ಟೂ ಭಯ ಹೆಚ್ಚು. ಕಾಣುವುದನ್ನು ಬರಲಿ, ಹೋಗಲಿ ಎಂದು ಬಿಟ್ಟುಬಿಡುವಂತೆ ಹೇಳಿ, ಉದ್ದಕ್ಕೆ ಉಸಿರು ಬಿಡಿಸಿ. ಜಾಗ ಬದಲಿಸುವುದೂ ಕೆಲಸ ಮಾಡುತ್ತದೆ, ರೂಮಿನಿಂದ ವರಾಂಡಕ್ಕೆ ಬಂದು ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯುವಷ್ಟರಲ್ಲಿ ಭಯದ ಒಂದು ಅಲೆ ದಾಟಿರುತ್ತದೆ. ಕೆರೆ, ನಾಲೆ, ಬಂಡೆಗಳ ಕಡೆಗೆ ಕರೆದೊಯ್ಯುವುದು ಮಾತ್ರ ಬೇಡವೇ ಬೇಡ. ಭದ್ರಾ ನಾಲೆಯ ಏರಿ, ಕೊಂಡಜ್ಜಿ ಕೆರೆ, ಚಿತ್ರದುರ್ಗದ ಚಂದ್ರವಳ್ಳಿ, ಜೋಗಿಮಟ್ಟಿ ಇವೆಲ್ಲ ಹಗಲಿಗೆ ಚೆಂದ. ಪಾಪೆ ಹಿಗ್ಗಿ ದೂರ ಹತ್ತಿರದ ಅಳತೆ ತಪ್ಪಿದವನಿಗೆ ಕಾಲಿಡುವ ಮೆಟ್ಟಿಲು ಎಲ್ಲಿದೆ ಎಂದು ತಿಳಿಯುವುದಿಲ್ಲ.

ಇಳಿಸಲು ಎಂದು ಏನನ್ನೂ ಕೊಡಬೇಡಿ. ನಿಂಬೆರಸ, ಮಜ್ಜಿಗೆ, ಹುಣಸೆ ನೀರು ಈ ವಸ್ತುವನ್ನು ಇಳಿಸುವುದಿಲ್ಲ. ಕಾಗದದಲ್ಲಿದ್ದದ್ದು ಆಗಲೇ ರಕ್ತ ಸೇರಿರುತ್ತದೆ, ವಾಂತಿ ಮಾಡಿಸಿ ಪ್ರಯೋಜನವಿಲ್ಲ, ಅರೆಪ್ರಜ್ಞೆಯಲ್ಲಿ ವಾಂತಿ ಶ್ವಾಸಕೋಶಕ್ಕೆ ಹೋದರೆ ಅದೇ ಪ್ರಾಣ ತೆಗೆಯುತ್ತದೆ. ನಿದ್ದೆ ಮಾತ್ರೆಯನ್ನು ರೂಮಿನಲ್ಲಿ ಕೊಡಬಾರದು, ಜೊತೆಗೆ ಕುಡಿದಿದ್ದರೆ ಉಸಿರು ನಿಲ್ಲಬಹುದು. ಆಸ್ಪತ್ರೆಯಲ್ಲಿ ಕೊಡುವುದೂ ಲೋರಾಜೆಪಾಮ್, ಡಯಾಜೆಪಾಮ್ ಜಾತಿಯ ಮದ್ದೇ. ಆದರೆ ಅಲ್ಲಿ ಆಮ್ಲಜನಕವೂ ಮಾನಿಟರೂ ಪಕ್ಕದಲ್ಲಿರುತ್ತವೆ. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿರುವವರು ಎಲ್‌ಎಸ್‌ಡಿ ತೆಗೆದುಕೊಂಡರೆ ಫಿಟ್ಸ್ ಬರುವ ಅಪಾಯ ಬಹಳ. ಕೂಗಾಡುತ್ತಾನೆಂದು ಬೋರಲು ಮಲಗಿಸಿ ಬೆನ್ನ ಮೇಲೆ ಕೂರುವುದು, ಕೈಕಾಲು ಕಟ್ಟುವುದು ಕೂಡದು. ಎದೆ ಒತ್ತಿ ಉಸಿರು ಕಟ್ಟುತ್ತದೆ, ಕಟ್ಟಿನ ವಿರುದ್ಧ ಗುದ್ದಾಡಿ ಸ್ನಾಯು ಒಡೆದು ಮೂತ್ರಪಿಂಡ ಕೆಡುತ್ತದೆ, ಮೈ ಇನ್ನಷ್ಟು ಕಾಯುತ್ತದೆ.

ಮಾತಿನಿಂದ ಆಗದ ಸಂದರ್ಭಗಳಿವೆ. ಫಿಟ್ಸ್ ಬಂದರೆ, ಮೈ ಸುಡುತ್ತಿದ್ದರೆ, ಕೈಕಾಲು ಸೆಟೆದುಕೊಂಡರೆ, ಎದೆನೋವು ಎಂದರೆ, ಎಬ್ಬಿಸಿದರೂ ಏಳದಿದ್ದರೆ, ತನಗೋ ಬೇರೆಯವರಿಗೋ ಏಟು ಮಾಡಿಕೊಳ್ಳುವಂತಿದ್ದರೆ, 12 ಗಂಟೆ ಕಳೆದರೂ ಇಳಿಯದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಎಡ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕದೆ, ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು, ತೊಡೆಸಂದು ಒರೆಸುತ್ತಿರಿ.

ಸ್ಟ್ಯಾಂಪಿಗಿಂತ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಗಳಲ್ಲಿ ಹೆಚ್ಚು ಹೆದರಬೇಕಾದ್ದು ದುಡ್ಡಿಲ್ಲದೆ ಸಿಗುವ ಗಿಡಕ್ಕೆ. ಉಮ್ಮತ್ತಿ, ಮದಗುಣಿಕೆ, ದತ್ತೂರಿ ಎಂದು ಕರೆಯುವ ಇದು ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆ ತಿಪ್ಪೆಯ ಪಕ್ಕ, ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುತ್ತದೆ. ಶಿವನಿಗೆ ಏರಿಸುವ ಹೂವು, ಕಾನೂನಿನ ತೊಂದರೆಯೂ ಇಲ್ಲ ಎಂದು ಬೀಜ ತಿನ್ನುವ ಹುಡುಗರಿಗೆ ಒಂದು ತಿಳಿದಿರಲಿ: ಇದು ಎಲ್‌ಎಸ್‌ಡಿಯ ನಾಡತಮ್ಮ ಅಲ್ಲ, ನೇರ ವಿಷ. ಅಟ್ರೊಪಿನ್, ಸ್ಕೊಪೊಲಮಿನ್, ಹಯೊಸಯಮಿನ್ ಎಂಬ ವಿಷಗಳು ಇದರಲ್ಲಿವೆ, ಗಿಡದಿಂದ ಗಿಡಕ್ಕೆ ಪ್ರಮಾಣ ಬೇರೆ. ಎಲ್‌ಎಸ್‌ಡಿ ತೆಗೆದುಕೊಂಡವನಿಗೆ ತಾನು ಏನೋ ತೆಗೆದುಕೊಂಡಿದ್ದೇನೆ ಎಂಬ ಅರಿವು ಸಾಮಾನ್ಯವಾಗಿ ಉಳಿದಿರುತ್ತದೆ, ಮರುದಿನ ನೆನಪೂ ಇರುತ್ತದೆ. ಉಮ್ಮತ್ತಿಯಲ್ಲಿ ಅರಿವೇ ಹೋಗುತ್ತದೆ. ಹಾಸಿಗೆಯಿಂದ ಇಲ್ಲದ ದಾರ ಎಳೆಯುತ್ತಾನೆ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾನೆ, ಕೈಯಲ್ಲಿಲ್ಲದ ಬೀಡಿ ಸೇದಿ ಬೂದಿ ಕೊಡವುತ್ತಾನೆ, ಮನೆಯಲ್ಲಿಲ್ಲದವರ ಜೊತೆ ಮಾತಾಡುತ್ತಾನೆ. ಹಳ್ಳಿಯಲ್ಲಿ ಇದನ್ನು ಕಂಡು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಹೊರಡುತ್ತಾರೆ, ಚಿಕಿತ್ಸೆಯ ಹೊತ್ತು ಅಲ್ಲಿ ಕಳೆದುಹೋಗುತ್ತದೆ.

ಎರಡನ್ನೂ ಬೇರೆ ಮಾಡಿ ನೋಡುವ ಉಪಾಯ ಸುಲಭ. ಪಾಪೆ ಎರಡರಲ್ಲೂ ಹಿಗ್ಗಿರುತ್ತದೆ, ನಾಡಿ ಎರಡರಲ್ಲೂ ಓಡುತ್ತದೆ. ಕಂಕುಳಿಗೆ ಕೈ ಹಾಕಿ ನೋಡಿ. ಒದ್ದೆ ಇದ್ದರೆ ಸ್ಟ್ಯಾಂಪಿನ ಕಡೆಯದು ಇರಬಹುದು. ಬಿರು ಒಣಗಿದ್ದು, ಮೈ ಕೆಂಪಾಗಿ ಕಾಯ್ದ ಹಂಚಿನಂತಿದ್ದು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದ್ದು, ಮೂತ್ರ ಕಟ್ಟಿದ್ದರೆ ಉಮ್ಮತ್ತಿ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಲರ್ಜಿಗೆಂದು ಮನೆಯಲ್ಲಿರುವ ಅವಿಲ್, ಫೆನರ್ಗನ್ ಮುಟ್ಟಿಸಬೇಡಿ, ಅವೂ ಅದೇ ದಿಕ್ಕಿನಲ್ಲಿ ಕೆಲಸ ಮಾಡಿ ವಿಷ ಏರಿಸುತ್ತವೆ. ಈ ವಿಷ ಕರುಳಿನ ಚಲನೆಯನ್ನೇ ನಿಧಾನ ಮಾಡುವುದರಿಂದ ಬೀಜ ಹೊಟ್ಟೆಯಲ್ಲೇ ಕೂತು ವಿಷ ಬಿಡುತ್ತಿರುತ್ತದೆ. ಒಂದೆರಡು ದಿನ ಹೀಗೇ ಇರಬಹುದು, ಹಿಗ್ಗಿದ ಪಾಪೆ ಮೊದಲಿನಂತಾಗಲು ಅದಕ್ಕೂ ಹೆಚ್ಚು. ಎಷ್ಟೋ ಸಲ ರೋಗಿಯ ಒದ್ದಾಟಕ್ಕೆ ಅರ್ಧ ಕಾರಣ ತುಂಬಿದ ಮೂತ್ರಕೋಶ. ನಳಿಕೆ ಹಾಕಿ ಖಾಲಿ ಮಾಡಿದರೆ ಸ್ವಲ್ಪ ಸಮಾಧಾನವಾಗುತ್ತದೆ.

ವಾಂತಿಯಲ್ಲಿ ಕಂಡ ಬೀಜವನ್ನು ಮೆಣಸಿನಕಾಯಿ ಬೀಜ ಎಂದು ತೊಳೆದು ಚೆಲ್ಲಿಬಿಡುವುದುಂಟು. ಒಂದು ಬೀಜ ಎತ್ತಿ ಬೆಳಕಿಗೆ ಹಿಡಿಯಿರಿ. ಮೆಣಸಿನಕಾಯಿಯದು ತೆಳ್ಳಗೆ, ದುಂಡಗೆ, ನುಣುಪಾಗಿ, ತಿಳಿಹಳದಿ. ಉಮ್ಮತ್ತಿಯದು ದಪ್ಪ, ಮೂತ್ರಪಿಂಡದ ಆಕಾರ, ಹಳದಿ ಮಿಶ್ರಿತ ಕಂದು, ಮೈಮೇಲೆಲ್ಲ ಸಣ್ಣ ಗುಳಿ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರೆ ಮೆಣಸಿನ ಬೀಜದ ಒಳಗಿನ ಮೊಳಕೆ 6 ಎಂಬ ಅಂಕಿಯಂತೆ ಒಳಕ್ಕೆ ಸುರುಳಿ ಸುತ್ತಿರುತ್ತದೆ, ಉಮ್ಮತ್ತಿಯದರ ತುದಿ ಹೊರಕ್ಕೆ ಬಾಗಿರುತ್ತದೆ. ವಿಧಿವಿಜ್ಞಾನದ ವಿದ್ಯಾರ್ಥಿಗಳಿಗೆ ಕಲಿಸುವ ಈ ವ್ಯತ್ಯಾಸ ಮೆಣಸಿನಕಾಯಿ ಮಾರುವ, ಬಿಡಿಸುವ ನಮ್ಮ ಸೀಮೆಯವರಿಗೆ ಗೊತ್ತಿದ್ದರೆ ಒಳ್ಳೆಯದು. ಬೀಜವನ್ನು ಚೆಲ್ಲದೆ ಒಂದು ಡಬ್ಬಿಯಲ್ಲಿ ಹಾಕಿ ತನ್ನಿ.

ಕಾಡು ಅಣಬೆಯ ಬಗ್ಗೆ ಒಂದೇ ಮಾತು. ಮಳೆ ಬಿದ್ದ ಮೇಲೆ ಸಗಣಿಯ ಮೇಲೆ ಎದ್ದದ್ದನ್ನೆಲ್ಲ ನಶೆಯ ಅಣಬೆ ಎಂದು ಕಿತ್ತು ತಿಂದವರಿಗೆ ಆರು ಗಂಟೆ ಕಳೆದ ನಂತರ ವಾಂತಿ, ಭೇದಿ ಶುರುವಾದರೆ ಅದು ಪಿತ್ತಜನಕಾಂಗ ಸುಡುವ ಜಾತಿ ಇರಬಹುದು. ನಡುವೆ ಒಂದು ದಿನ ಹುಷಾರಾದಂತೆ ಕಂಡರೂ ನಂಬಬೇಡಿ, ದಾಖಲಾಗಿ.

ಆಸ್ಪತ್ರೆಗೆ ತರಲು ಹೆದರುವುದು ಪೊಲೀಸರ ಕಾರಣಕ್ಕೆ. ಕಾನೂನು ಕಠಿಣವಾಗಿದೆ, ಅದನ್ನು ಮುಚ್ಚಿಡಬೇಕಿಲ್ಲ. 1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್‌ಎಸ್‌ಡಿಯ ‘ಸಣ್ಣ ಪ್ರಮಾಣ’ 0.002 ಗ್ರಾಂ, ‘ವಾಣಿಜ್ಯ ಪ್ರಮಾಣ’ 0.1 ಗ್ರಾಂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ಸಜೆ. ವಿಷಪ್ರಾಶನ ಎಂದು ಬಂದ ಪ್ರಕರಣವನ್ನು ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ, ಅಂದರೆ ಎಂಎಲ್‌ಸಿ ಎಂದು ಬರೆದುಕೊಳ್ಳುವುದೂ ನಿಜ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯುವಂತಿಲ್ಲ. ಜೀವ ಉಳಿಸುವುದು ಮೊದಲು, ಕಾನೂನಿನ ಔಪಚಾರಿಕತೆ ಆಮೇಲೆ ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ದಾವಣಗೆರೆಯ ಸಿ.ಜಿ. ಆಸ್ಪತ್ರೆ ಇರಲಿ, ಚಿತ್ರದುರ್ಗದ ಜಿಲ್ಲಾಸ್ಪತ್ರೆ ಇರಲಿ, ತುರ್ತು ವಿಭಾಗದಲ್ಲಿ ‘ಊಟದಲ್ಲಿ ಏನೋ ಆಯ್ತು’ ಎಂದು ಸುಳ್ಳು ಹೇಳಿದರೆ ಅಲ್ಲಿನ ಮೊದಲ ಅರ್ಧ ಗಂಟೆ ದಾರಿ ತಪ್ಪುತ್ತದೆ. ಏನು, ಎಷ್ಟು ಹೊತ್ತಿಗೆ, ಜೊತೆಗೆ ಏನೇನು, ಮೊದಲಿನಿಂದ ಯಾವ ಮಾತ್ರೆ ನಡೆಯುತ್ತಿದೆ, ಈ ನಾಲ್ಕನ್ನು ನೇರವಾಗಿ ಹೇಳಿ. ಉಳಿದ ಕಾಗದದ ಫೋಟೋ ಇದ್ದರೆ ತೋರಿಸಿ. ಮಾಮೂಲಿ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಗಾಂಜಾ, ಅಫೀಮು ಜಾತಿಯವು ಸಿಕ್ಕಿಬೀಳುತ್ತವೆ. ಎಲ್‌ಎಸ್‌ಡಿ, ಅಣಬೆ, ಉಮ್ಮತ್ತಿ ಅದರಲ್ಲಿ ಕಾಣುವುದಿಲ್ಲ. ‘ನೆಗೆಟಿವ್ ಬಂತು, ನಮ್ಮ ಹುಡುಗ ಏನೂ ತಗೊಂಡಿಲ್ಲ’ ಎಂದು ವೈದ್ಯರ ಜೊತೆ ಜಗಳಕ್ಕಿಳಿಯುವ ಹೆತ್ತವರು ಇದನ್ನು ತಿಳಿಯಬೇಕು.

ಹೆತ್ತವರಿಗೆ ಇನ್ನೊಂದು ಮಾತು, ಇದು ನಮಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಜ್ಜಿಗೋ ಸೋದರಮಾವನಿಗೋ ಸ್ಕಿಜೋಫ್ರೇನಿಯಾ, ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇದ್ದದ್ದನ್ನು ಮದುವೆ ಸಂಬಂಧ ತಪ್ಪೀತು ಎಂದು ಮನೆಯವರು ಮುಚ್ಚಿಡುತ್ತಾರೆ. ಭ್ರಮಾಜನಕ ವಸ್ತು ಹೆಚ್ಚು ಹಾನಿ ಮಾಡುವುದು ಅಂಥ ಮನೆಯ ಮಕ್ಕಳಿಗೇ. ಕಾಯಿಲೆ ಸಹಜವಾಗಿ ತಲೆ ಎತ್ತುವ ಹದಿನೆಂಟು ಇಪ್ಪತ್ತೈದರ ವಯಸ್ಸೂ ಮೊದಲ ಸ್ಟ್ಯಾಂಪಿನ ವಯಸ್ಸೂ ಒಂದೇ. ತನ್ನ ಮನೆಯ ಚರಿತ್ರೆಯೇ ಗೊತ್ತಿಲ್ಲದ ಮಗ ಆ ಅಪಾಯವನ್ನು ಲೆಕ್ಕ ಹಾಕುವುದು ಹೇಗೆ? ವಿದೇಶದಲ್ಲಿ ಇದನ್ನು ಖಿನ್ನತೆಗೆ ಔಷಧವಾಗಿ ಕೊಡುತ್ತಾರಲ್ಲ ಎಂದು ಓದಿಕೊಂಡ ಹುಡುಗರು ಕೇಳುತ್ತಾರೆ. ನಿಜ, ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಕೆಲವು ರೋಗಿಗಳಿಗೆ ಸಿಲೋಸೈಬಿನ್ ಬರೆಯಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ 2006ರಲ್ಲಿ ಪ್ರಕಟಿಸಿದ ಸಿಲೋಸೈಬಿನ್ ಅಧ್ಯಯನದಲ್ಲಿ ಭಾಗವಹಿಸಿದ 36 ಮಂದಿಯೂ ಮೊದಲ ಸಲದವರೇ. ಅಲ್ಲಿ ಕುಟುಂಬದ ಕಾಯಿಲೆ ಕೇಳಿ ಆರಿಸಿದ್ದರು, ವಸ್ತು ಶುದ್ಧವಾಗಿತ್ತು, ಅಳೆದು ಕೊಟ್ಟಿದ್ದರು, ಇಡೀ ದಿನ ತರಬೇತಾದವರು ಪಕ್ಕದಲ್ಲಿ ಕೂತಿದ್ದರು. ಬಹಳ ಮಂದಿ ಅದನ್ನು ಬದುಕಿನ ಅರ್ಥಪೂರ್ಣ ಅನುಭವಗಳಲ್ಲಿ ಒಂದು ಎಂದರು. ಅಷ್ಟೆಲ್ಲ ಏರ್ಪಾಟಿದ್ದೂ ಸುಮಾರು ಮೂವರಲ್ಲಿ ಒಬ್ಬರು ನಡುವೆ ತೀವ್ರ ಭಯ ಅನುಭವಿಸಿದರು. ಅದರ ಮುಂದೆ ಹಾಸ್ಟೆಲಿನ ರೂಮು ಎಲ್ಲಿ?

ಇಳಿದ ಮೇಲೆ ಹುಡುಗನನ್ನು ಮಲಗಲು ಬಿಡಿ. ಒಂದು ದಿನ ಬೈಕು ಕೊಡಬೇಡಿ. ಮರುದಿನ ಮಂಕಾಗಿರುವುದು ಸಹಜ. ಎರಡು ಮೂರು ದಿನವಾದರೂ ನಿದ್ದೆ ಬಾರದೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುತ್ತಿದ್ದರೆ, ತನಗೆ ವಿಶೇಷ ಶಕ್ತಿ ಬಂದಿದೆ ಎನ್ನುತ್ತಿದ್ದರೆ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ವಾರಗಳು ಕಳೆದರೂ ದೀಪದ ಸುತ್ತ ಬಳೆ, ಚಲಿಸುವ ವಸ್ತುವಿನ ಹಿಂದೆ ಬಾಲ ಕಾಣುವುದು ಕೆಲವರಲ್ಲಿ ಉಳಿಯುತ್ತದೆ, ಅದನ್ನೂ ತೋರಿಸಬೇಕು.

ಹಾಸ್ಟೆಲ್ ವಾರ್ಡನ್‌ಗಳಲ್ಲಿ ನಮ್ಮ ವಿನಂತಿ: ‘ಸಿಕ್ಕಿಬಿದ್ದರೆ ಟಿಸಿ’ ಎಂಬ ಬೋರ್ಡಿನ ಕೆಳಗೆ ‘ಹುಷಾರಿಲ್ಲದಿದ್ದರೆ ಯಾವ ಹೊತ್ತಿನಲ್ಲೂ ನನ್ನನ್ನು ಎಬ್ಬಿಸಿ’ ಎಂದೂ ಬರೆಸಿ. ಎಬ್ಬಿಸಿದ ಹುಡುಗನನ್ನು ಆ ರಾತ್ರಿ ವಿಚಾರಣೆ ಮಾಡಬೇಡಿ. ನಿಮ್ಮಲ್ಲಿ, ಸಂಪಾದಕರೇ, ಕೇಳಿಕೊಳ್ಳುವುದು ಒಂದು ಚಿಕ್ಕ ಚೌಕದ ಜಾಗ. ಮಾದಕ ವಸ್ತು ವಶ ಎಂಬ ಸುದ್ದಿ ಬಂದಾಗಲೆಲ್ಲ ಅದರ ಪಕ್ಕದಲ್ಲಿ ಆಂಬ್ಯುಲೆನ್ಸ್ 108, ತುರ್ತು ಸೇವೆ 112, ಹಗಲಿರುಳೂ ಕನ್ನಡದಲ್ಲಿ ಮಾತಾಡುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಾದಕ ವಸ್ತು ಸಹಾಯವಾಣಿ 1933 ಎಂಬ ನಾಲ್ಕು ಸಂಖ್ಯೆ, ಅದರ ಕೆಳಗೆ ‘ಮಗ್ಗುಲಿಗೆ ಮಲಗಿಸಿ, ಕಟ್ಟಬೇಡಿ, ಒಂಟಿಯಾಗಿ ಬಿಡಬೇಡಿ, ಕಂಕುಳು ಮುಟ್ಟಿ ನೋಡಿ’ ಎಂಬ ಒಂದು ಸಾಲು ಅಚ್ಚು ಮಾಡಿ.

ಇಂತಿ,
ತುರ್ತು ಚಿಕಿತ್ಸೆ ಮತ್ತು ಮನೋರೋಗ ವಿಭಾಗಗಳ ಕೆಲವು ಶುಶ್ರೂಷಾಧಿಕಾರಿಗಳು,
ದಾವಣಗೆರೆ